ಗೂಬೆ ಮಾರ್ಕಿನ ಗಿಟಾರು

ದೊಡ್ಡ ದೊಡ್ಡ ಕಂಪನಿಗಳ ಬೇಸ್ ಗಿಟಾರುಗಳು ಗಾಜಿನ ಹಿಂದೆ ಮಿರಮಿರ ಮಿಂಚುತ್ತ ನಿಂತಿರುವಾಗ ಯಾರಾದರೂ ನಮ್ಮ ಗೂಬೆ ಮಾರ್ಕಿನದನ್ನು ಯಾಕೆ ಕೊಳ್ಳಬೇಕು? ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಆಮೇಲಾಮೇಲೆ ಉತ್ತರ ಬಾಯಿಪಾಠವಾಯಿತು. ಅಂಗಡಿಯದು ಎಲ್ಲರ ಕೈಗೂ ಆಗಲಿ ಎಂದು ಮಾಡಿದ್ದು, ಹಾಗಾಗಿ ಯಾರ ಕೈಗೂ ಪೂರ್ತಿ ಆಗುವುದಿಲ್ಲ. ನಮ್ಮದು ಒಂದೇ ಒಂದು ಕೈಗೆಂದು ಮಾಡಿದ್ದು. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಎಡಗೈಯನ್ನು ಕಾಗದದ ಮೇಲೆ ಇಡಿಸಿ ಸುತ್ತಲೂ ಪೆನ್ಸಿಲ್ ಎಳೆಯುತ್ತೇನೆ. ಬೆರಳು ಒಂದೊಂದನ್ನೂ ಮಡಿಸಿ ಬಿಡಿಸಿ ನೋಡುತ್ತೇನೆ. ಈ ಕೈ ಹಗಲೆಲ್ಲ ಏನು ಕೆಲಸ ಮಾಡುತ್ತದೆ, ಎಲ್ಲಿ ನೋಯುತ್ತದೆ ಎಂದು ಕೇಳುತ್ತೇನೆ. ಅಷ್ಟಾದ ಮೇಲೆ ನೆಕ್ ಕೆತ್ತಲು ಕೂರುವುದು. ನೆಕ್ ಅಂದರೆ ಎಡಗೈ ಹಿಡಿದು ಓಡಾಡುವ ಆ ಉದ್ದನೆಯ ಭಾಗ. ಬಾರಿಸುವವರ ಸುಖದುಃಖವೆಲ್ಲ ಇರುವುದು ಅದರ ಬೆನ್ನಿನಲ್ಲಿ.

ಗೂಬೆ ಎಂಬ ಹೆಸರಿಟ್ಟವನು ನನ್ನ ತಮ್ಮ. ಬೇಸಿನ ದನಿ ಗೂಬೆಯ ಹಾಗೆ ಗುಮ್ಮೆನ್ನುತ್ತದೆ ಎಂಬುದು ಅವನ ಲೆಕ್ಕ. ಒಳ್ಳೆಯ ಹೆಸರೇ ಸಿಗಲಿಲ್ಲವೇನೋ ನಿನಗೆ ಎಂದು ಬೈದಿದ್ದೆ. ಆದರೆ ಹೆಸರು ಜನರಿಗೆ ಹಿಡಿಸಿತು. "ಮನೇಲಿ ಒಂದು ಗೂಬೆ ಇರೋದು ಸಾಲದಾ ಅಂತ ಹೆಂಡತಿ ಕೇಳಿದ್ಲು" ಎಂದು ನಗುತ್ತಲೇ ಗಿಟಾರು ಹೆಗಲಿಗೇರಿಸಿಕೊಂಡು ಹೋದವರು ಎಷ್ಟೋ ಮಂದಿ.

ನನಗೊಂದು ಚಾಳಿ ಇದೆ. ನೆಕ್ಕಿನ ಬುಡ ಗಿಟಾರಿನ ಮೈಯೊಳಗೆ ಕೂತು ನಾಲ್ಕು ಸ್ಕ್ರೂಗಳ ಕೆಳಗೆ ಮುಚ್ಚಿಹೋಗುತ್ತದೆ. ಮುಚ್ಚಿಹೋಗುವ ಆ ಜಾಗದಲ್ಲಿ ತಾರೀಕು ಹಾಕಿ, ಆ ಕೈಯ ಬಗ್ಗೆ ಒಂದು ಸಾಲು ಪೆನ್ಸಿಲಿನಲ್ಲಿ ಬರೆಯುತ್ತೇನೆ. "ನರ್ಸಮ್ಮ, ಹಿಡಿತ ಮೆತ್ತಗೆ." "ಬಸ್ ಡ್ರೈವರು, ಹೆಬ್ಬೆರಳು ಹಟಮಾರಿ." ಯಾರೂ ಓದಲಿ ಎಂದು ಬರೆದದ್ದಲ್ಲ. ಬರೆಯದಿದ್ದರೆ ಕೆಲಸ ಮುಗಿದ ಹಾಗೆ ನನಗೆ ಅನ್ನಿಸುವುದಿಲ್ಲ.

ಕೆತ್ತುವುದು ನಾನು, ನನ್ನ ಮನೆಯ ಹಿಂದಿನ ಕೋಣೆಯಲ್ಲಿ. ಮೈ ಜೋಡಿಸಿ, ಬಣ್ಣ ಹೊಡೆದು, ತಂತಿ ಬಿಗಿದು ಗಿರಾಕಿಗೆ ಒಪ್ಪಿಸುವುದು ತಮ್ಮ, ರಸ್ತೆಯ ಆಚೆ ಬದಿಯ ಅವನ ಅಂಗಡಿಯಲ್ಲಿ. ನೆಕ್ ನನ್ನ ಕೈ ದಾಟಿತೆಂದರೆ ಮತ್ತೆ ನಾನು ಅದನ್ನು ನೋಡುವುದಿಲ್ಲ. ನೋಡಬೇಕು ಎಂದು ಅನ್ನಿಸಿಯೂ ಇರಲಿಲ್ಲ. ಅಪ್ಪ ಅಮ್ಮ ಹೋದಾಗ ಅವನಿಗೆ ಎಂಟು ವರ್ಷ, ನನಗೆ ಇಪ್ಪತ್ತು. ನಾನೇ ತುತ್ತು ಕೊಟ್ಟು ಸಾಕಿದ ಹುಡುಗನ ಮೇಲೆ ಕಾವಲು ಯಾರು ಕೂರುತ್ತಾರೆ, ಹೇಳಿ.

ಆ ಮಂಗಳವಾರ ತಮ್ಮ ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ. ಮಧ್ಯಾಹ್ನ ಬಾಗಿಲು ತಟ್ಟಿದವಳು ಟೈಲರ್. ಹಗಲು ಬಟ್ಟೆ ಹೊಲಿದು, ಬಿಡುವಿದ್ದಾಗ ಬೇಸ್ ಬಾರಿಸುವವಳು. ಎರಡು ತಿಂಗಳ ಹಿಂದೆ ಅವಳ ನೆಕ್ ಕೆತ್ತಿ ಕೊಟ್ಟಿದ್ದೆ. ಈಗ ಬಲಗೈಯಲ್ಲಿ ಗಿಟಾರಿನ ಪೆಟ್ಟಿಗೆ, ಎಡ ಮಣಿಕಟ್ಟಿಗೆ ಬ್ಯಾಂಡೇಜು.

"ಅಕ್ಕ, ಬೇಜಾರು ಮಾಡ್ಕೋಬೇಡಿ" ಅಂದಳು. "ಎದುರಿಗೆ ಬೀಗ ಹಾಕಿತ್ತು, ಅದಕ್ಕೆ ನಿಮ್ಮ ಹತ್ರ ಬಂದೆ. ಗಿಟಾರಲ್ಲೇನೂ ತಪ್ಪಿಲ್ಲ. ನನ್ನ ಕೈಯಲ್ಲೇ ಏನೋ ಐಬಿರಬೇಕು. ಅರ್ಧ ಗಂಟೆ ಬಾರಿಸಿದ್ರೆ ಊದಿಕೊಳ್ಳುತ್ತೆ."

"ಡಾಕ್ಟರು ಏನಂದ್ರು?"

"ಹೊಲಿಗೆ, ಗಿಟಾರು, ಎರಡರಲ್ಲಿ ಒಂದು ಬಿಡಿ ಅಂದ್ರು. ಹೊಲಿಗೆ ಬಿಟ್ರೆ ಹೊಟ್ಟೆಗೇನು ಮಾಡ್ಲಿ. ಆದ್ರೆ ಮುಂದಿನ ತಿಂಗಳಿಂದ ನಾಟಕದ ಥಿಯೇಟರಲ್ಲಿ ವಾದ್ಯದವರ ಜೊತೆ ಕೂರೋಕೆ ನನ್ನ ತಗೊಂಡಿದ್ದಾರೆ. ಹನ್ನೊಂದು ವರ್ಷ ಕಾದಿದ್ದೀನಿ ಅಕ್ಕ, ಆ ಕುರ್ಚಿಗೆ."

ಪೆಟ್ಟಿಗೆ ತೆಗೆದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ನೆಕ್ಕಿನ ಬೆನ್ನಿನ ಮೇಲೆ ಹೆಬ್ಬೆರಳು ಓಡಿಸಿದೆ. ಅವಳ ಮಣಿಕಟ್ಟು ನೋಯುತ್ತದೆಂದೇ ಹೆಬ್ಬೆರಳ ಬದಿಯನ್ನು ತೆಳ್ಳಗೆ ಕೆತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಇದು ದಪ್ಪಗೆ, ಗುಂಡಗೆ ಇತ್ತು. ನಾಲ್ಕೂ ಸ್ಕ್ರೂ ಬಿಚ್ಚಿದೆ.

ಬುಡದಲ್ಲಿ "ಕಿರುಬೆರಳು ಸೋಮಾರಿ" ಎಂದು ಬರೆದಿತ್ತು. ಅಕ್ಷರ ನನ್ನವೇ, ಬರೆದ ಕೈ ನನ್ನದಲ್ಲ. ಭಾಷೆ ಗೊತ್ತಿಲ್ಲದವರು ಚಿತ್ರ ಬಿಡಿಸುವ ಹಾಗೆ ಒಂದೊಂದೇ ಸುತ್ತನ್ನು ನೋಡಿ ನೋಡಿ ಬಿಡಿಸಿದ್ದರು.

ಟೈಲರ್ ಬಗ್ಗಿ ಓದಿದಳು. "ನಂದಾ ಇದು? ನನ್ನ ಕಿರುಬೆರಳು ಬಲು ಚುರುಕು ಅಂದಿದ್ರಲ್ಲ ಅವತ್ತು."

ಅವಳದಲ್ಲ. ಆ ಸಾಲನ್ನು ನಾನು ಜೀವಮಾನದಲ್ಲಿ ಒಂದೇ ಸಲ ಬರೆದಿದ್ದೆ, ಇಪ್ಪತ್ತೆರಡು ವರ್ಷದ ಹಿಂದೆ, ನಾನು ಕೆತ್ತಿದ ಮೊಟ್ಟಮೊದಲ ನೆಕ್ಕಿನ ಬುಡದಲ್ಲಿ. ಅದು ತಮ್ಮನಿಗೆಂದು ಮಾಡಿದ್ದು. ಮೊದಲು "ಕಿರುಬೆರಳು ಕಳ್ಳ" ಎಂದು ಬರೆದೆ. ಒಡಹುಟ್ಟಿದವನಿಗೆ ಆ ಮಾತು ಯಾಕೆ ಎಂದು "ಕಳ್ಳ"ನನ್ನು ಹೊಡೆದುಹಾಕಿ ಪಕ್ಕದಲ್ಲಿ "ಸೋಮಾರಿ" ಎಂದು ಬರೆದಿದ್ದೆ. ಆ ಗಿಟಾರು ಇವತ್ತಿಗೂ ಅವನ ಮನೆಯ ಗೋಡೆಯ ಮೇಲಿದೆ. ನನ್ನ ಕೈಯಲ್ಲಿದ್ದ ನೆಕ್ಕಿನಲ್ಲಿ ಆ "ಕಳ್ಳ"ನೂ ಇದ್ದ, ಹೊಡೆದುಹಾಕಿದ ಗೀಟಿನ ಸಮೇತ. ಮಾದರಿಗೆ ಕೊಟ್ಟದ್ದನ್ನು ಪಾಪ, ಒಂದು ಗೀಟೂ ಬಿಡದೆ ಇಳಿಸಿಕೊಂಡಿದ್ದರು.

ಟೈಲರಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಇದು ನಿಮ್ಮ ಕೈಗೆ ಮಾಡಿದ್ದಲ್ಲ. ನಿಮ್ಮ ಕೈಯಲ್ಲಿ ಯಾವ ಐಬೂ ಇಲ್ಲ" ಅಂದೆ. "ಮೂರು ವಾರ ಕೊಡಿ. ನಾನೇ ಕೆತ್ತಿ, ನಾನೇ ಜೋಡಿಸಿ ಕೊಡ್ತೀನಿ. ಥಿಯೇಟರಿಗೆ ಅದನ್ನೇ ತಗೊಂಡು ಹೋಗಿ." ಅವಳು ಒಪ್ಪಿ, ಪೆಟ್ಟಿಗೆಯನ್ನು ನನ್ನಲ್ಲೇ ಬಿಟ್ಟು ಹೋದಳು.

ಸಂಜೆ ತಮ್ಮ ಬಂದ. ಮೇಜಿನ ಮೇಲಿದ್ದ ನೆಕ್ ನೋಡಿದ. ನನ್ನ ಮುಖ ನೋಡಲಿಲ್ಲ.

"ಯಾವಾಗಿಂದ ನಡೀತಿದೆ ಇದು?"

"ಎರಡು ವರ್ಷ ಆಯ್ತು. ಒಂದು ಕಾರ್ಖಾನೇಲಿ ಮಾಡಿಸ್ತೀನಿ. ನನ್ನ ನೆಕ್ ಮಾದರಿಗೆ ಕೊಟ್ಟಿದ್ದೆ. ನೀನು ಒಳಗೆ ಬರೆದಿದ್ದು ನೆನಪೇ ಇರಲಿಲ್ಲ."

"ಹಾಗಾದ್ರೆ ನಾನು ಕೆತ್ತಿದ್ದೆಲ್ಲ ಎಲ್ಲಿ?"

ಅವನು ಪಕ್ಕದಲ್ಲಿ ಕೂತು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೇಗೆ ಹೇಳ್ಲಿ ಅಕ್ಕ. ನಿನ್ನ ಕೈ ನಡುಗುತ್ತೆ. ನಿನಗೆ ಗೊತ್ತಾಗಲ್ಲ, ನಾನು ನೋಡ್ತಾನೇ ಇದ್ದೀನಿ. ನೆಕ್ಕೆಲ್ಲ ತಿರುಚಿಕೊಂಡು ಬರ್ತಿತ್ತು, ಒಂದೂ ಜೋಡಿಸೋ ಹಾಗಿರಲಿಲ್ಲ. ಎಲ್ಲ ಒಡೆದು ಎಸೆದೆ. ಕೆಲಸ ಬಿಡು ಅಂದ್ರೆ ನೀನು ಉಳಿಯಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ."

ಅವನ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಐವತ್ತೆಂಟು ವರ್ಷದ ಹೆಂಗಸು ನಾನು, ಕೈ ನಡುಗುವ ವಯಸ್ಸೇ. ಎರಡು ವರ್ಷ ಒಬ್ಬನೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದನಲ್ಲ. "ಅಳಬೇಡ್ವೋ ಮಾರಾಯ" ಎಂದು ನಾನೇ ಅವನ ಬೆನ್ನು ಸವರಿ, ಚಹಾ ಮಾಡಿಕೊಟ್ಟು ಕಳಿಸಿದೆ.

ಮರುದಿನ ಟೈಲರಿನ ಕೈಯ ಕಾಗದವನ್ನು ಎದುರಿಗಿಟ್ಟುಕೊಂಡು ಮರದ ಮೇಲೆ ಗುರುತು ಹಾಕಲು ಹೊರಟೆ. ಪೆನ್ಸಿಲ್ ಒಂದು ಕೂದಲೆಳೆಯಷ್ಟು ಆಚೆ ಸರಿಯಿತು. ಮೊದಲೆಲ್ಲ ಹೀಗಾದರೆ ಅಳಿಸಿ ಮತ್ತೆ ಎಳೆಯುತ್ತಿದ್ದೆ, ಯೋಚನೆಯನ್ನೇ ಮಾಡುತ್ತಿರಲಿಲ್ಲ. ಈಗ ಕೈಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಡುಗುತ್ತಿದೆಯೇ, ಇಲ್ಲವೇ? ನೋಡುತ್ತ ನೋಡುತ್ತ ನಡುಗಿತು. ನಾಲ್ಕನೆಯ ದಿನ ಚಹಾದ ಲೋಟ ತುಳುಕಿ ಸೆರಗು ನೆನೆಯಿತು. ಏಳನೆಯ ದಿನ ಉಜ್ಜುಗೊರಡು ಮರಕ್ಕೆ ಕಚ್ಚಿಕೊಂಡು ಅಷ್ಟುದ್ದ ಸಿಬಿರು ಎಬ್ಬಿಸಿತು. ಇನ್ನೊಂದು ಮರ ತೆಗೆದುಕೊಂಡೆ. ಅದೂ ಹಾಳಾಯಿತು. ನನ್ನ ತೋಳಿನ ತುದಿಗೆ ಇನ್ಯಾರದೋ ಕೈ ತಗುಲಿಸಿದ ಹಾಗಿತ್ತು.

ಹನ್ನೊಂದನೆಯ ದಿನ ಟೈಲರಿಗೆ ಫೋನ್ ಮಾಡಿದೆ.

"ಇನ್ನೂ ಹತ್ತು ದಿನ ಇದೆಯಲ್ಲ ಅಕ್ಕ" ಅಂದಳು.

"ಹತ್ತು ವರ್ಷ ಕೊಟ್ರೂ ಆಗಲ್ಲಮ್ಮ. ನನ್ನ ಕೈ ಹೋಗಿದೆ."

ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು. "ಅಂಗಡಿ ಗಿಟಾರು ಈ ಮಣಿಕಟ್ಟಿಗೆ ಆಗಲ್ಲ. ಥಿಯೇಟರಿನವರಿಗೆ ಹೇಳಿಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಲಿ" ಅಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅದಾಗಿ ವಾರದ ಮೇಲೆ ಒಬ್ಬ ಉದ್ದನೆಯ ಮನುಷ್ಯ ಬಂದ. ಟೈಲರಿನ ಕುರ್ಚಿ ಸಿಕ್ಕಿದ್ದು ಅವನಿಗೆ. ಕೈಯಲ್ಲಿ ಭಾರಿ ಹೆಸರಿನ ಕಂಪನಿಯ ಬೇಸ್ ಇತ್ತು. ಒಂದು ತಂತಿ ಎಲ್ಲೋ ತಗುಲಿ ಜುಂಯ್ ಎನ್ನುತ್ತಿದೆ ಎಂಬುದು ಅವನ ದೂರು.

"ಟೈಲರಮ್ಮ ಕಳಿಸಿದ್ರು" ಅಂದ. "ಅಕ್ಕನಿಗೆ ಕೈ ಹೋಗಿದ್ರೂ ಕಿವಿ ಹೋಗಿಲ್ಲ, ತೋರಿಸಿ ಬನ್ನಿ ಅಂದ್ರು."

ಬಿಂಕದ ಗಿಟಾರು ಎಂದುಕೊಳ್ಳುತ್ತಲೇ ತೆಗೆದುಕೊಂಡೆ. ನೆಕ್ಕಿನ ಬೆನ್ನಿಗೆ ಹೆಬ್ಬೆರಳು ತಾಗಿತು, ಅಲ್ಲೇ ನಿಂತಿತು. ತಂತಿಯ ಕೆಳಗಿನ ಮೂರನೆಯ ಲೋಹದ ಗೆರೆ ದಾಟಿದ ಮೇಲೆ ಒಂದಿಷ್ಟು ತಗ್ಗಿ ಮತ್ತೆ ಏರುವ ಆ ಇಳಿಜಾರು ನನ್ನ ಉಜ್ಜುಗೊರಡಿನದು. ಇನ್ನಾರಿಗೂ ಅದು ಬಾರದು, ನಾನು ಯಾರಿಗೂ ಹೇಳಿಕೊಟ್ಟಿಲ್ಲ.

"ಬಿಚ್ಚಿ ನೋಡ್ಲಾ?" ಎಂದೆ. ಅವನು ತಲೆಯಾಡಿಸಿದ.

ಬುಡದಲ್ಲಿ ನನ್ನ ಕೈಬರಹವೇ ಇತ್ತು. "ಬೇಕರಿಯವನು. ಅಂಗೈ ಅಗಲ. ಅವಸರದ ಮನುಷ್ಯ." ತಾರೀಕು ಹೋದ ವರ್ಷದ್ದು. ಆ ಬೇಕರಿಯವನು ಇದೇ ಬೆಂಚಿನ ಮೇಲೆ ಕೂತು, ಹಿಟ್ಟು ನಾದಿ ನಾದಿ ಗಟ್ಟಿಯಾದ ಅಂಗೈಯನ್ನು ಕಾಗದದ ಮೇಲಿಟ್ಟಿದ್ದ. ದೊಡ್ಡ ಕಂಪನಿಯವರಿಗೆ ನಾನು ಬರೆದದ್ದು ಓದಲು ಬರಲಿಲ್ಲವೋ ಏನೋ, ಅಳಿಸುವ ಗೋಜಿಗೇ ಹೋಗಿರಲಿಲ್ಲ. ಉಕ್ಕಿನ ಪಟ್ಟಿಯನ್ನು ನೆಕ್ಕಿನ ಮೇಲಿಟ್ಟು ಬೆಳಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಯವರೆಗೆ ಒಂದು ಕಡೆಯೂ ಬೆಳಕು ನುಸುಳಲಿಲ್ಲ. ಎಲ್ಲಿಯ ತಿರುಚು, ಎಲ್ಲಿಯ ನಡುಕ. ತಂತಿ ಜುಂಯ್ ಎನ್ನುತ್ತಿದ್ದದ್ದು ಸ್ಕ್ರೂ ಸಡಿಲವಾಗಿ.

"ಇದನ್ನೇ ಯಾಕೆ ತಗೊಂಡ್ರಿ? ಕಂಪನಿ ಹೆಸರಿಗಾ?" ಎಂದು ಕೇಳಿದೆ.

"ಅಯ್ಯೋ, ಹೆಸರು ಕಟ್ಕೊಂಡು ಏನು ಮಾಡ್ಲಿ" ಅಂದ. "ಅಂಗಡೀಲಿ ಒಂದೇ ಥರದ್ದು ಹನ್ನೆರಡು ನೇತುಹಾಕಿದ್ರು. ಹನ್ನೆರಡನ್ನೂ ಹಿಡಿದು ನೋಡಿದೆ. ಹನ್ನೊಂದು ಬರೀ ಗಿಟಾರು. ಇದು ನನ್ನ ಕೈ ನೋಡಿ ಮಾಡಿದ ಹಾಗಿತ್ತು."

ಅವನ ಅಂಗೈ ನೋಡಿದೆ. ಅಗಲವಾಗಿಯೇ ಇತ್ತು. ನೆಕ್ಕನ್ನು ಜೋಡಿಸಿ, ಸ್ಕ್ರೂ ಬಿಗಿಮಾಡಿ ಕೊಟ್ಟು ಕಳಿಸಿದೆ. ಅದರಲ್ಲಿ ಅವನ ತಪ್ಪೇನಿದೆ.

ಆಮೇಲೆ ರಸ್ತೆ ದಾಟಿದೆ. ತಮ್ಮನ ಅಂಗಡಿಯ ನೆತ್ತಿಯ ಮೇಲೆ ಆ ಗಿಟಾರಿನ ಕಂಪನಿಯದೇ ದೀಪದ ಬೋರ್ಡು, ಇವನು ಅವರ ಡೀಲರ್ ಎಂದು. ಎರಡು ವರ್ಷದ ಹಿಂದೆ ಅದನ್ನು ಹತ್ತಿಸಿದ ದಿನ ನಾನೇ ಕೆಳಗೆ ನಿಂತು ಕಣ್ತುಂಬ ನೋಡಿದ್ದೆ, ತಮ್ಮ ಮೇಲೆ ಬಂದ ಎಂದು. ಒಳಗೆ ಅವನು ಗಾಜಿನ ಮೇಜನ್ನು ಬಟ್ಟೆಯಿಂದ ಒರೆಸುತ್ತಿದ್ದ.

"ಬೇಕರಿಯವನ ನೆಕ್ ನೋಡಿ ಬಂದೆ" ಎಂದೆ.

ಒರೆಸುತ್ತಿದ್ದ ಕೈ ನಿಂತಿತು. ಜಾಣ, ಸುಳ್ಳನ್ನು ಇನ್ನೂ ಎಳೆಯಲು ಹೋಗಲಿಲ್ಲ.

"ಬೋರ್ಡು ಬೇಕಿತ್ತು ಅಕ್ಕ" ಅಂದ. "ಇಂಥ ನೆಕ್ ಕಳಿಸ್ತಾ ಇದ್ರೆ ಬೋರ್ಡು ಕೊಡ್ತೀವಿ ಅಂದ್ರು ಕಂಪನಿಯವರು. ನಮ್ಮ ಗೂಬೇನ ಇಟ್ಕೊಂಡು ಎಷ್ಟು ದಿನ ಕೂರೋದು? ನಿನ್ನ ಕೆಲಸ ಎಷ್ಟು ದೊಡ್ಡ ದೊಡ್ಡವರ ಕೈ ಸೇರಿದೆ ಗೊತ್ತಾ ನಿನಗೆ."

"ನನ್ನ ಕೇಳಬಹುದಿತ್ತಲ್ಲ."

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ನನ್ನನ್ನು ನಂಬಿ ಕಾಗದದ ಮೇಲೆ ಕೈಯಿಟ್ಟವರೆಲ್ಲ ಕಣ್ಣ ಮುಂದೆ ಬಂದರು. ನರ್ಸಮ್ಮ ಬಂದಳು, ಬಸ್ ಡ್ರೈವರ್ ಬಂದ. ಅವರೆಲ್ಲ ನನ್ನ ಕೈಯ ಕೆಲಸವೆಂದು ಇವನ ಸೋಮಾರಿ ಕಿರುಬೆರಳಿನ ಅಳತೆಯನ್ನು ಹಿಡಿದುಕೊಂಡು, ಹೊಂದದಿದ್ದರೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದಾರೆ. ಆದರೂ ಅದು ಎರಡನೆಯ ಮಾತು.

"ಮಾರಿಕೊಂಡೆ, ಆಯ್ತು" ಅಂದೆ. "ಜನರಿಗೆ ಮೋಸ ಮಾಡಿದೆ, ಅದನ್ನ ನಾನೇ ಮನೆಮನೆಗೆ ಹೋಗಿ ಹೇಳ್ತೀನಿ. ಆದ್ರೆ ಕೈ ನಡುಗುತ್ತೆ ಅಂತ ಯಾಕೋ ಅಂದೆ? ಗಿಟಾರಿನ ಮೇಲಿದ್ದ ಗೂಬೇನ ತೆಗೆದು ನನ್ನ ಕೈ ಮೇಲೆ ಯಾಕೋ ಕೂರಿಸಿದೆ?"

"ಆ ಹೊತ್ತಿಗೆ ಬಾಯಿಗೆ ಅದೇ ಬಂತು" ಅಂದ. ಅಷ್ಟೇ. ಯೋಚನೆ ಮಾಡಿ, ಹೊಂಚು ಹಾಕಿ ಹೇಳಿದ್ದರೆ ಅದಕ್ಕೊಂದು ಬೆಲೆಯಾದರೂ ಇರುತ್ತಿತ್ತು.

"ನೀನು ಹಾಗಂದ ಮೇಲೆ ಎರಡು ಮರ ಹಾಳು ಮಾಡಿದೆ" ಎಂದೆ. "ಆ ಟೈಲರು ಹನ್ನೊಂದು ವರ್ಷ ಕಾದ ಕುರ್ಚಿ ಬಿಟ್ಟುಕೊಟ್ಲು. ನನ್ನ ಕೈ ಹೋಗಿದೆ ಅಂತ ನಾನೇ ಫೋನಲ್ಲಿ ಹೇಳಿದೆ, ಅವಳು ನಂಬಿದ್ಲು. ಕೈಯಲ್ಲಿ ಏನೂ ಆಗಿಲ್ಲ ಅಂತ ಇವತ್ತು ಕಣ್ಣಾರೆ ನೋಡಿದ್ದೀನಿ. ಆದ್ರೂ ಅದು ನನ್ನ ಮಾತು ಕೇಳ್ತಿಲ್ಲ. ನೋಡು ಇಲ್ಲಿ."

ಬಲಗೈಯನ್ನು ಚಾಚಿ ಗಾಜಿನ ಮೇಜಿನ ಮೇಲೆ, ಅವನ ಮೂಗಿನ ಕೆಳಗೇ ಹಿಡಿದೆ. ಬೆರಳುಗಳು ಒಂದೇ ಸಮನೆ ಅದುರುತ್ತಿದ್ದವು. ತಮ್ಮ ಬಗ್ಗಿ ನೋಡಿದ. ನೋಡುತ್ತಿದ್ದ ಹಾಗೆ ಅವನ ಮುಖದ ಬಿಗಿತ ಸಡಿಲವಾಯಿತು, ತಲೆಯಿಂದ ಭಾರ ಇಳಿದವನಂತೆ ಉಸಿರು ಬಿಟ್ಟ.

"ನೋಡಿದ್ಯಾ ಅಕ್ಕ" ಅಂದ, "ನಾನು ಹೇಳಿರಲಿಲ್ವಾ."