ಸುಮ್ಮನೆ ತಿರುಗುತ್ತಿದ್ದ ಚಕ್ರ

ಪ್ರಾಣಿಶಾಸ್ತ್ರದ ಪಠ್ಯದಲ್ಲಿದ್ದುದು ಸಮುದ್ರದ ಲಾಬ್‌ಸ್ಟರ್ ಉದ್ಯಮ. ಅದನ್ನು ನೋಡಲು ಕೃಷ್ಣರಾಜಪೇಟೆಯಿಂದ ಮಂಗಳೂರಿಗೆ ಒಂದೇ ದಿನದಲ್ಲಿ ಹೋಗಿಬರಲಾಗದು ಎಂದು ಪ್ರಾಂಶುಪಾಲರು ಹೇಳಿದ್ದರಿಂದ, ಸುರೇಂದ್ರ ಮೇಷ್ಟ್ರು ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಪಾಂಡವಪುರದ ಬಳಿ ಸಿದ್ದಲಿಂಗಮ್ಮನವರ ಸೀಗಡಿ ಕೊಳಕ್ಕೆ ಕರೆತಂದರು.

"ಲಾಬ್‌ಸ್ಟರು ಸಮುದ್ರದ್ದು ಕಣ್ರಪ್ಪ, ನಂದು ಸಿಹಿನೀರಿನ ಸೀಗಡಿ. ಇಬ್ರೂ ನೆಂಟ್ರೇಯ, ಆದ್ರೆ ಮದ್ವೆ ಮನೇಲೂ ಮಕ ನೋಡಾಕಿಲ್ಲ," ಎಂದರು ಸಿದ್ದಲಿಂಗಮ್ಮ. ಜೌಗು ಹಿಡಿದು ಭತ್ತ ಬಾರದಾಗಿದ್ದ ನಾಲೆ ಪಕ್ಕದ ಒಂದು ಎಕರೆಯನ್ನು ತೋಡಿಸಿ ಕೊಳ ಮಾಡಿದವರು ಅವರು.

ಮುಂದಿನ ತಿಂಗಳಿಂದ ಎರಡು ತಿಂಗಳ ಪ್ರಾಜೆಕ್ಟಿಗೆ ಒಬ್ಬರನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಅವರು ಒಪ್ಪಿದ್ದರು. ಆ ಒಬ್ಬಳು ತಾನಾಗಬೇಕು ಎಂಬುದು ಕಿಕ್ಕೇರಿ ಕಡೆಯ ರಮ್ಯಶ್ರೀಯ ಆಸೆ. ಉಳಿದವರಿಗೆಲ್ಲ ಕಾಲೇಜಿನ ಬಾಟಲಿಗಳಲ್ಲಿ ಬಿಳಿಚಿಕೊಂಡ ಸತ್ತ ಸೀಗಡಿಗಳೇ ಗತಿ.

ಆಗ ಬೆಳಿಗ್ಗೆ ಆರೂವರೆ. ಮೂರು ದಿನದಿಂದ ಮೋಡ ಕವಿದಿತ್ತು. ಮೊದಲು ಉಪ್ಪಿಟ್ಟು, ಆಮೇಲೆ ಪಾಠ ಎಂದಾಯಿತು. ಎಲ್ಲರೂ ಶೆಡ್ಡಿನೊಳಗೆ ಹೋದರು.

ಕೈ ತೊಳೆಯಲು ಬಂದ ರಮ್ಯಶ್ರೀಗೆ ಕೊಳದ ಮಧ್ಯೆ ನೀರು ಬಡಿಯುತ್ತಿದ್ದ ಚಕ್ರ ಕಾಣಿಸಿತು. ಅದಕ್ಕೆ ಪೈಪಿರಲಿಲ್ಲ. ಅದರಿಂದ ಯಾವ ಗದ್ದೆಗೂ ನೀರು ಹೋಗುತ್ತಿರಲಿಲ್ಲ. ನೀರೆತ್ತದೆ ತಿರುಗುವ ಮೋಟಾರನ್ನು ಕಂಡವರು ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಪಂಪ್‌ಸೆಟ್ಟಿರುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಎರಡನೇ ಸಲ ಹೇಳುವುದಿಲ್ಲ. ಅವಳು ದಂಡೆಯ ಕಂಬದಲ್ಲಿದ್ದ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದಳು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಹೋಗಿ ಉಪ್ಪಿಟ್ಟು ತಿಂದಳು.

ಮುಕ್ಕಾಲು ಗಂಟೆಯ ನಂತರ ಎಲ್ಲರೂ ದಂಡೆಗೆ ಬಂದರು.

"ಲೇ, ನಮ್ಮನ್ನ ನೋಡೋಕೆ ಅವೇ ಬಂದವೆ," ಎಂದಳು ಗೆಳತಿ ಶ್ವೇತ.

ದಂಡೆಯುದ್ದಕ್ಕೂ ನೂರಾರು ಸೀಗಡಿಗಳು ಮೀಸೆ ಮೇಲೆತ್ತಿ ನಿಂತಿದ್ದವು. ಸಿದ್ದಲಿಂಗಮ್ಮ ನಗಲಿಲ್ಲ. ಸೀರೆ ಎತ್ತಿಕಟ್ಟಿ ಓಡಿದವರು ಹಸಿರು ಗುಂಡಿ ಒತ್ತಿ, ಚಕ್ರ ತಿರುಗಿದ ಮೇಲೆಯೇ ಮಾತಾಡಿದರು.

"ಉಸ್ರು ಸಿಕ್ತಿಲ್ಲ ಇವಕ್ಕೆ. ಯಾರು ಆಫ್ ಮಾಡ್ದೋರು?"

"ಕರೆಂಟ್ ಹೋಗಿ ಬಂದಿರಬೇಕಮ್ಮ," ಎಂದರು ಮೇಷ್ಟ್ರು.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

"ಕರೆಂಟ್ ಹೋಗಿಲ್ಲ ಸಾರ್," ಎಂದಳು ರಮ್ಯಶ್ರೀ. "ನಾನೇ ಅಮ್ಮ. ಸುಮ್ನೆ ತಿರುಗ್ತಿತ್ತು. ಮೋಟ್ರು ಸುಟ್ಟೋಯ್ತದೆ ಅಂತ..."

"ಸುಮ್ನೆ ಅಲ್ಲ ಕಣವ್ವ, ನೀರಿಗೆ ಗಾಳಿ ಸೇರ್ಸ್ತದೆ ಅದು. ಮೋಡ ಮುಚ್ಚಿದ್ರೆ ನೀರಿನ ಪಾಚಿನೂ ಉಸ್ರು ಕೊಡಾಕಿಲ್ಲ, ನಿಲ್ಲಿಸೋ ಅಂಗೇ ಇಲ್ಲ. ಆರು ತಿಂಗಳು ಸಾಕಿವ್ನಿ." ಅವರು ದಂಡೆಯತ್ತ ಬೆರಳು ತೋರಿಸಿದರು. "ಇಲ್ಲೇ ಕುಂತ್ಕೊ. ಕೊನೇದು ಒಳಕ್ಕೋಗೋಗಂಟ ಏಳ್ಬೇಡ."

ಪಾಠ ಮುಗಿಸಿ ಉಳಿದವರು ಕೆ.ಆರ್.ಎಸ್. ನೋಡಲು ಬಸ್ಸು ಹತ್ತಿದರು. ಸಂಜೆ ವಾಪಸಾಗುವಾಗ ಕರೆದೊಯ್ಯುವುದಾಗಿ ಮೇಷ್ಟ್ರು ಹೇಳಿದರು. ಪ್ರಾಜೆಕ್ಟಿನ ಮಾತು ಎತ್ತುವ ಮುಖ ಅವಳಿಗಿರಲಿಲ್ಲ. ಕುಳಿತು ನೋಡಿದಳು. ಮೊದಲು ಸಣ್ಣವು ಆಳಕ್ಕೆ ಜಾರಿದವು. ಇಕ್ಕಳದಂಥ ನೀಲಿ ಕೊಂಡಿಗಳ ದೊಡ್ಡ ಗಂಡುಗಳು ಹಠ ಹಿಡಿದಂತೆ ನಿಂತಿದ್ದವು. ಒಂಬತ್ತರ ಹೊತ್ತಿಗೆ ಮೋಡ ಚದುರಿತು, ಅವೂ ಒಂದೊಂದಾಗಿ ಒಳಗೆ ಹೋದವು. ದಂಡೆಯಲ್ಲಿ ಏಳು ಸತ್ತಿದ್ದವು. ಅವನ್ನು ಆರಿಸಿ, ಅಳತೆ ಮಾಡಿ, ತನ್ನ ನೋಟ್‌ಪುಸ್ತಕದಲ್ಲಿ ಬರೆದು, ಸಿದ್ದಲಿಂಗಮ್ಮನವರ ಮುಂದಿಟ್ಟಳು.

"ಏಳು ಹೋಗ್ಬುಟ್ವು ಅಮ್ಮ."

"ನೂರು ಹೋಗ್ತವೆ ಅಂದ್ಕೊಂಡಿದ್ದೆ." ಅವರು ಪುಸ್ತಕ ತಿರುಗಿಸಿ ನೋಡಿದರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ದಂಡೆಯಲ್ಲಿ ಎಷ್ಟು ಉಳಿದಿದ್ದವೆಂಬ ಲೆಕ್ಕ ಅದರಲ್ಲಿತ್ತು. "ಇದನ್ನ ಬರಿ ಅಂತ ನಾನೇಳ್ಲಿಲ್ವಲ್ಲ."

"ಕುಂತಿದ್ನಲ್ಲಮ್ಮ."

ಅವರು ಅವಳ ಮುಂದೆ ತಟ್ಟೆಯಿಟ್ಟು ಉಳಿದಿದ್ದ ಉಪ್ಪಿಟ್ಟು ಬಡಿಸಿದರು. "ಎರಡು ತಿಂಗಳು ನಮ್ಮನೇಲೇ ಇರ್ಬೇಕಾಯ್ತದೆ. ಬೆಳಿಗ್ಗೆ ಐದಕ್ಕೆ ದಂಡೇಲಿರ್ಬೇಕು. ಆಯ್ತದಾ?"

"ನಮ್ಮನೇಲಿ ನಾಲ್ಕೂವರೆಗೇ ಹಸ ಕರೀತೀನಮ್ಮ."

"ಅಂಗಾರೆ ಇಲ್ಲಿ ಅರ್ಧ ಗಂಟೆ ಜಾಸ್ತಿ ನಿದ್ದೆ ಸಿಕ್ತದೆ ಬುಡು," ಎಂದರು ಸಿದ್ದಲಿಂಗಮ್ಮ.