ಬೇವಿನ ಬುಡದ ಏಳು ಅಣಬೆ

ಆಷಾಢದ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ಶರ್ವರಿ ಗೇಟು ತೆಗೆದಾಗ, ಬೇವಿನ ಮರದ ಬುಡದಲ್ಲಿದ್ದ ಅವಳ ಏಳು ಸಿಮೆಂಟ್ ಅಣಬೆಗಳ ಮುಂದೆ ಯಾರೋ ತೆಂಗಿನಕಾಯಿ ಒಡೆದಿದ್ದರು.

ಕಾಯಿಯ ನೀರು ಇನ್ನೂ ಇಂಗಿರಲಿಲ್ಲ. ನಡುವಿನ ದೊಡ್ಡ ಅಣಬೆಯ ಕೆಂಪು ತಲೆಯ ಮೇಲೆ ಮಣ್ಣಿನ ಹಣತೆ ಉರಿಯುತ್ತಿತ್ತು. ಸುತ್ತಲಿನ ಆರು ಸಣ್ಣವುಗಳ ನೆತ್ತಿಯ ಮೇಲೆ ಒಂದೊಂದು ಬೇವಿನ ಎಸಳು. ರಸ್ತೆ ಗುಡಿಸಿ, ನೀರು ಹೊಡೆದು, ರಂಗೋಲಿ ಎಳೆದಿದ್ದರು. ಅಣಬೆಗೆ ಹಣೆ ಎಂಬುದು ಇರುವುದಾದರೆ, ಏಳರ ಹಣೆಯಲ್ಲೂ ಅರಿಸಿನವಿತ್ತು, ಅರಿಸಿನದ ನಡುವೆ ಕುಂಕುಮವಿತ್ತು.

ಹತ್ತಕ್ಕೆ ಟ್ರಾಲಿ ಆಟೋ ಬರುವುದಿತ್ತು. ಈ ಏಳೂ ಹೈದರಾಬಾದಿನ ಮೆಹದಿಪಟ್ಟಣಂನ ಗಲ್ಲಿಯಿಂದ ಮಾದಾಪುರದ ಒಂದು ಕಚೇರಿ ಕಟ್ಟಡಕ್ಕೆ ಹೋಗಬೇಕಿತ್ತು. ಅಲ್ಲಿ ಕೆಲಸ ಮಾಡುವವರ ಮಕ್ಕಳಿಗಾಗಿ ಮೂರನೇ ಮಹಡಿಯ ತೆರೆದ ಅಂಗಳದಲ್ಲಿ ಡೇಕೇರ್ ಒಂದು ಸೋಮವಾರ ಶುರುವಾಗುವುದಿತ್ತು. ದೊಡ್ಡ ಅಣಬೆ ಟೇಬಲ್ಲು, ಸಣ್ಣವು ಆರು ಕೂಡುವ ಪೀಠ. ಡೇಕೇರ್ ನೋಡಿಕೊಳ್ಳುವ ವಿಶ್ವಜಿತ್ ಫೋನು ಮಾಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: ಸಾಮಾನು ಸಾಗಿಸುವ ಲಿಫ್ಟು ಸಿಗುವುದು ಭಾನುವಾರ ಮಾತ್ರ, ಅದೂ ಮಧ್ಯಾಹ್ನ ಎರಡರವರೆಗೆ. ಈ ಸೆಟ್ಟು ಸರಿಬಂದರೆ ಇನ್ನೆರಡು ಶಾಖೆಗಳ ಕೆಲಸವೂ ಅವಳದೇ ಎಂದಿದ್ದ.

ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟ ಮೇಲೆ ಶರ್ವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಅಲ್ಲಿಯವರೆಗೆ ಮಾಡಿದ್ದೆಲ್ಲ ಮನೆಯಲ್ಲೇ ಉಳಿದಿತ್ತು. ತೆಂಗಿನ ಕರಟವನ್ನು ತಲೆ ಮಾಡಿ ಒಳಗೆ ಬಲ್ಬು ಇಟ್ಟ ಅಣಬೆ ದೀಪಗಳು, ಹಳೇ ಗಡಿಗೆಯ ಮೇಲೆ ಕುಂಡದ ತಟ್ಟೆ ಬೋರಲು ಹಾಕಿ ಕಟ್ಟಿದ ಗುಬ್ಬಿ ಮನೆ, ಸೋಡಾ ಬಾಟಲಿಯ ಮುಚ್ಚಳಗಳನ್ನೇ ಚುಕ್ಕೆಯಾಗಿ ಅಂಟಿಸಿದ ಚಪ್ಪಲಿ ಗೂಡು. ಗಂಡ ಪ್ರಾಣೇಶ ಸರಕಾರಿ ನೌಕರ, ಸಂಜೆ ಬಂದವನು ಮೊಣಕಾಲಿಗೆ ಯಾವುದೋ ಅಣಬೆ ಬಡಿದಾಗಷ್ಟೇ ಅವುಗಳ ಸುದ್ದಿ ಎತ್ತುತ್ತಿದ್ದ. ಇದು ಕೆಲಸವೋ ಹವ್ಯಾಸವೋ ಎಂದು ಅವನು ಒಮ್ಮೆ ಕೇಳಿದ್ದ. ಅದರ ಉತ್ತರ ಈ ಭಾನುವಾರ ಟ್ರಾಲಿಯಲ್ಲಿ ಹೋಗುವುದಿತ್ತು.

ಅತ್ತೆ ಸುಂದರಾಬಾಯಿಯವರದು ಬೇರೆ ತಕರಾರು. ಅವರ ಮಡಿ ಅಡಿಗೆಮನೆಗೆ ಉಳ್ಳಾಗಡ್ಡಿಯೇ ಬರುವಂತಿಲ್ಲ, ಇನ್ನು ಅಣಬೆಯ ಹೆಸರು ಬಾಯಲ್ಲಿ ಬಂದೀತೇ? ‘ನಾಯಿಕೊಡಿ’ ಎಂದು ಒಮ್ಮೆ ಅಂದವರು ಆಮೇಲೆ ಅದನ್ನೂ ಬಿಟ್ಟು ‘ನಿನ್ನವು’ ಎನ್ನುತ್ತಿದ್ದರು. ನಿನ್ನವು ತುಳಸಿಕಟ್ಟಿ ಹತ್ರ ಬ್ಯಾಡ, ನಿನ್ನವು ಪಾಗಾರದ ಆಚೆ ಇಡು. ಹಾಗಾಗಿ ಬಿಳಿ ಚುಕ್ಕೆ ಬಳಿದ ಮೇಲೆ ಒಣಗಲು ಅವು ಗೇಟಿನ ಹೊರಗೆ, ಬೇವಿನ ಮರದ ಬುಡಕ್ಕೆ ಹೋದವು.

ಅಣಬೆ ಕಟ್ಟುವುದು ಕಷ್ಟದ ಕೆಲಸವಲ್ಲ, ಕಾಯುವುದು ಕಷ್ಟ. ಒದ್ದೆ ಮರಳನ್ನು ಗುಮ್ಮಟದಂತೆ ಒಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೋಳಿಗೂಡಿನ ಜಾಳಿಗೆ, ಜಾಳಿಗೆಯ ಮೇಲೆ ಸಿಮೆಂಟು. ಕಡೆಯ ಪದರಕ್ಕೆ ಕೆಂಪು ಬಣ್ಣದ ಪುಡಿ. ಆಮೇಲೆ ಗೋಣಿತಾಟು ಹೊದಿಸಿ ವಾರಗಟ್ಟಲೆ ನೀರು ಚಿಮುಕಿಸುತ್ತ ಇರಬೇಕು. ಶರ್ವರಿಗೆ ಆ ಕಾಯುವುದೇ ಬಾರದು. ತಾಟು ಎತ್ತಿ ಎತ್ತಿ ನೋಡುತ್ತಿದ್ದಳು. ಒಂದು ಸಣ್ಣ ಅಣಬೆಯ ಅಂಚಿನಲ್ಲಿ ಅವಳ ಹೆಬ್ಬೆಟ್ಟಿನ ಗುರುತು ಹಾಗೇ ಗಟ್ಟಿಯಾಗಿ ಉಳಿದಿತ್ತು.

ಈಗ ಆ ಗುರುತಿನೊಳಗೂ ಕುಂಕುಮ ಕೂತಿತ್ತು.

ಹಿಂದೆ ಗೇಟು ಕಿರುಗುಟ್ಟಿತು. ಹೂವಿನ ಬುಟ್ಟಿ ಹಿಡಿದು ಸುಂದರಾಬಾಯಿ ಬಂದು ಗೇಟಿನೊಳಗೇ ನಿಂತರು. ಕಾಯಿ ನೋಡಿದರು, ಹಣತೆ ನೋಡಿದರು, ಸೊಸೆಯ ಮುಖ ನೋಡಿದರು.

"ಅರಿಸಿನ ಕುಂಕುಮ ನಾ ಹಚ್ಚಿದ್ದು," ಎಂದರು. "ನಿನ್ನೆ ಸಂಜಿಗೆ. ಉಳಿದದ್ದು ನನಗ ಗೊತ್ತಿಲ್ಲ."

"ನೀವ ಏನ್ರೀ?"

"ಹೊಸಾ ಸಾಮಾನು. ಇನ್ನೊಬ್ಬರ ಮನಿಗೆ ಹೊಂಟದ. ಬರೇ ಹಣೀಲೆ ಕಳಸಬೇಕೇನು?"

ಗ್ರೈಂಡರಿಗೆ, ಪ್ರಾಣೇಶನ ಸ್ಕೂಟರಿಗೆ, ಅವನ ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿಗೆ ಅವರು ಹೀಗೇ ಹಚ್ಚಿದ್ದರು. ಇಷ್ಟು ದಿನ ಹತ್ತಿರ ಸುಳಿಯದವರು, ತನ್ನ ಕೆಲಸಕ್ಕೆ ಮೊದಲ ಸಲ ಬೆರಳು ಮುಟ್ಟಿಸಿದ್ದರು. ಬೇರೆ ದಿನವಾಗಿದ್ದರೆ ಶರ್ವರಿಯ ಕಣ್ಣು ತುಂಬುತ್ತಿತ್ತು. ಈ ದಿನ ಅವಳಿಗೆ ಹತ್ತು ಗಂಟೆಯೊಂದೇ ಕಾಣುತ್ತಿತ್ತು.

ಬೇರೆ ತಿಂಗಳಾಗಿದ್ದರೂ ನಡೆಯುತ್ತಿತ್ತು. ಆದರೆ ಇದು ಆಷಾಢ, ಬೋನಾಲು. ಹೈದರಾಬಾದಿನ ಗಲ್ಲಿಗಲ್ಲಿಯ ಹೆಂಗಸರು ತಲೆಯ ಮೇಲೆ ಅನ್ನದ ಗಡಿಗೆ, ಗಡಿಗೆಯ ಮೇಲೆ ದೀಪ ಹೊತ್ತು ಅಮ್ಮವಾರಿನ ಗುಡಿಗೆ ಹೋಗುವ ತಿಂಗಳು. ಇಂಥ ತಿಂಗಳಲ್ಲಿ ಬೇವಿನ ಬುಡದಲ್ಲಿ ಕೆಂಪಗೆ, ದುಂಡಗೆ, ಅರಿಸಿನ ಕುಂಕುಮ ಹಚ್ಚಿಕೊಂಡು ಏಳು ಮಂದಿ ಒಟ್ಟಾಗಿ ಕೂತರೆ, ಅವರು ಏಳು ಜನ ಅಕ್ಕತಂಗಿ ದೇವಿಯರಲ್ಲದೆ ಮತ್ತೆ ಯಾರಾಗಬೇಕು? ಶರ್ವರಿ ಅದನ್ನು ಯೋಚಿಸಬೇಕಿತ್ತು. ಆರು ಪೀಠಕ್ಕೆ ಒಂದು ಟೇಬಲ್ಲು ಕೂಡಿಸಿದರೆ ಏಳು ಎಂದು ಅವಳಿಗೆ ಈ ಬೆಳಗಿನವರೆಗೆ ಹೊಳೆದಿರಲಿಲ್ಲ.

ಎಂಟರ ಹೊತ್ತಿಗೆ ಹೆಂಗಸರು ಕೂಡಿದರು. ಮುಂದೆ ವನಜಾ. ಮೂರನೇ ಮನೆಯವಳು, ನಾರಾಯಣಪೇಟೆ ಕಡೆಯವಳು. ಮನೆಮಾತು ತೆಲುಗಾದರೂ ಇವರ ಮನೆಯವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಕಾಯಿ ಒಡೆದವಳೂ ಅವಳೇ. ಅದನ್ನು ಮುಚ್ಚಿಡಲಿಲ್ಲ. ತಮ್ಮ ಗಲ್ಲಿಗೆ ಒಂದು ಅಮ್ಮವಾರಿನ ಕಟ್ಟೆ ಇಲ್ಲ, ಪ್ರತಿ ವರ್ಷ ಮಸೀದಿಯಾಚೆಯ ಗಲ್ಲಿಗೆ ಹೋಗಿ ಅಲ್ಲಿಯವರ ಬೋನ ಇಳಿಯುವವರೆಗೆ ಬಿಸಿಲಲ್ಲಿ ನಿಲ್ಲಬೇಕು, ಈ ವರ್ಷ ತಾಯಿ ತಾನಾಗಿ ಬಂದಿದ್ದಾಳೆ ಎಂದು ವಿವರವಾಗಿ ಹೇಳಿದಳು. ಮಧ್ಯಾಹ್ನದ ಬೋನ ಇಲ್ಲಿಗೇ ಎಂದು ಆಗಲೇ ಮನೆಮನೆಗೆ ಹೇಳಿಯಾಗಿತ್ತು.

"ಅವು ಹುಡುಗರು ಕೂಡೋ ಪೀಠ ಅವ, ವನಜಕ್ಕಾ," ಎಂದಳು ಶರ್ವರಿ. "ನಾ ಮಾಡೋವಾಗ ನೀವೂ ನೋಡೀರಿ."

"ನೋಡೀನಿ. ಕಲ್ಲೂ ಮೊದಲ ಕಲ್ಲೇ ಇರ್ತೈತಿ."

"ಅತ್ತ್ಯಾರು ಬರೇ ದೃಷ್ಟಿ ಆಗಬಾರದಂತ ಹಚ್ಚಿದ್ದು."

"ಗ್ರೈಂಡರಿಗೂ ಹಚ್ಚೀನಿ, ವನಜಾ," ಎಂದರು ಸುಂದರಾಬಾಯಿ ಗೇಟಿನೊಳಗಿನಿಂದಲೇ. "ಸ್ಕೂಟರಿಗೂ ಹಚ್ಚೀನಿ."

"ಸ್ಕೂಟರು ಏಳು ಕೂಡಿ ಬೇವಿನ ಗಿಡದ ಬುಡಕ ಕುಂತಿರಲಿಲ್ಲ ಬಿಡ್ರಿ, ಅಮ್ಮಾ."

ಹೆಂಗಸರು ನಕ್ಕರು. ಶರ್ವರಿ ನಗಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು. ವಿಶ್ವಜಿತನಿಗೆ ಫೋನು ಮಾಡಲು ಹೋಗಿ, ಅವನು ಎತ್ತುವ ಮೊದಲೇ ಇಟ್ಟಳು. ಏನೆಂದು ಹೇಳುವುದು, ಟೇಬಲ್ಲು ದೇವಿಯಾಗಿದೆ ಎಂದೇ? ಪ್ರಾಣೇಶ ಹಲ್ಲುಜ್ಜುತ್ತಲೇ ಕಿಟಕಿಯಿಂದ ನೋಡಿ, ಪೊಲೀಸರನ್ನು ಕರೆಯುವ ವಿಷಯ ಇದಲ್ಲ ಎಂದಷ್ಟೇ ಹೇಳಿದ. ಯಾರೂ ಪೊಲೀಸರ ಮಾತೆತ್ತಿರಲಿಲ್ಲ.

ಟ್ರಾಲಿ ಹತ್ತಕ್ಕೆ ಸರಿಯಾಗಿ ಬಂತು. ಡ್ರೈವರು ಇಳಿದು, ಹಣತೆ ಕಂಡು, ಚಪ್ಪಲಿ ಬಿಟ್ಟು ಕೈಮುಗಿದು, ಎತ್ತಬೇಕಾದ ಸಾಮಾನು ಎಲ್ಲಿ ಎಂದು ಕೇಳಿದ.

ಆಗ ಸುಂದರಾಬಾಯಿ ಗೇಟು ದಾಟಿ ಬಂದರು. ಬೆಳಗಿನಿಂದ ಒಳಗೇ ನಿಂತಿದ್ದವರು ಅವರು. ಮಡಿ ಸೀರೆಯಲ್ಲಿ ಬೀದಿಗೆ ಇಳಿದದ್ದನ್ನು ಶರ್ವರಿ ಹದಿನಾಲ್ಕು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ.

"ಕೇಳವಾ, ವನಜಾ. ನಾ ಕರದು ಕೂಡಿಸಿದ್ದಲ್ಲ. ಆದರ ಹಚ್ಚಿದಾಕಿ ನಾನ ಹೌದು, ಇಲ್ಲ ಅನ್ನಂಗಿಲ್ಲ. ಇವನ್ನ ನನ್ನ ಸೊಸಿ ಹುಡುಗರು ಕೂಡಲಿ ಅಂತ ಮಾಡ್ಯಾಳ. ಅವ್ವನ ಮ್ಯಾಲೆ ಹುಡುಗರು ಕೂಡದ ಮತ್ತ್ಯಾರು ಕೂಡಬೇಕು?"

ವನಜಾ ಹೆಂಗಸರ ಕಡೆ ತಿರುಗಿ ತೆಲುಗಿನಲ್ಲಿ ಗುಸುಗುಸು ನಡೆಸಿದಳು. ಒಬ್ಬಳು ಬೇಡವೆಂದಳು, ಇನ್ನೊಬ್ಬಳು ಸುಂದರಾಬಾಯಿ ಅಮ್ಮಗಾರು ಹೇಳಿದ ಮೇಲೆ ಮುಗಿಯಿತೆಂದಳು. ಕಡೆಗೆ ತೀರ್ಮಾನವಾಯಿತು. ಆರು ಸಣ್ಣವು ಹೋಗಬಹುದು. ಕಾಯಿ ಒಡೆದದ್ದು ದೊಡ್ಡದಕ್ಕೆ. ದೊಡ್ಡದರ ಮೇಲೆ ದೀಪ ಉರಿಯುತ್ತಿದೆ. ಉರಿಯುವ ದೀಪ ಎತ್ತುವಂತಿಲ್ಲ, ಊದುವಂತಿಲ್ಲ.

"ನಾವು ಇನ್ನ ಎಣ್ಣಿ ಹಾಕಂಗಿಲ್ಲ," ಎಂದಳು ವನಜಾ. "ತಾನಾಗಿ ಆರಿದರ ತಾಯಿ ಹೊಂಟ್ಲು ಅಂತ. ಒಯ್ಯಿರಿ."

"ಶಾಂತ ಆದರ ಅನ್ನು," ಎಂದರು ಸುಂದರಾಬಾಯಿ. ದೀಪ ಆರಿತು ಎನ್ನುವುದನ್ನು ಅವರು ಯಾರ ಬಾಯಲ್ಲೂ ಸಹಿಸುತ್ತಿರಲಿಲ್ಲ.

ಆರು ಅಣಬೆಗಳನ್ನು ಡ್ರೈವರೂ ಪ್ರಾಣೇಶನೂ ಸೇರಿ ಟ್ರಾಲಿಗೆ ಏರಿಸಿ, ನಡುನಡುವೆ ಹಳೇ ಹಾಸಿಗೆ ತುರುಕಿದರು. ಆಮೇಲೆ ಎಲ್ಲರೂ ಹಣತೆ ನೋಡುತ್ತ ನಿಂತರು. ಎಣ್ಣೆ ಎಷ್ಟಿದೆ ಎಂದು ಶರ್ವರಿ ಬಗ್ಗಿ ನೋಡಿದಳು. ಅರ್ಧಕ್ಕಿಂತ ಕಡಿಮೆ. ಇನ್ನೊಂದು ತಾಸು ಹೋದೀತೇ? ಎರಡು? ಹೋಗಿ ಮನೆಯ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಬಗ್ಗಿದಳು. ಗೋಣಿತಾಟು ಎತ್ತಿ ಎತ್ತಿ ನೋಡುವ ಅದೇ ಚಟ.

"ನೀ ನೋಡಿದರ ಎಣ್ಣಿ ಲಗೂ ತೀರತದೇನು?" ಎಂದರು ಅತ್ತೆ.

ಡ್ರೈವರು ಹೊತ್ತಾಯಿತೆಂದು ಹಾರ್ನು ಒತ್ತಿದ. ವಿಶ್ವಜಿತನೇ ಫೋನು ಮಾಡಿದ. ಲಿಫ್ಟಿನವನು ಊಟಕ್ಕೆ ಬೇಗ ಹೋಗುವ ಲಕ್ಷಣವಿದೆ, ಹೊರಟಿರಾ ಎಂದು ಕೇಳಿದ. ಹೊರಟಿದ್ದೇವೆ ಎಂದಳು. ಸುಳ್ಳು ಹೇಳಿದ ಮೇಲೆ ಇನ್ನಷ್ಟು ಚಡಪಡಿಕೆಯಾಯಿತು. ಗಲ್ಲಿಯ ಆ ತುದಿಯಲ್ಲಿ ಆಗಲೇ ಡಪ್ಪು ಬಾರಿಸುವ ಸದ್ದು ಕೇಳುತ್ತಿತ್ತು. ಬೋನದ ಗಡಿಗೆಗಳು ಬಂದು ಇಳಿದರೆ ಮುಗಿಯಿತು, ಆಮೇಲೆ ಟೇಬಲ್ಲನ್ನು ಯಾರೂ ಅಲುಗಿಸುವಂತಿಲ್ಲ.

ಅಷ್ಟರಲ್ಲಿ ಗಾಳಿ ಎದ್ದಿತು. ಆಷಾಢದ ಗಾಳಿ, ಹೇಳಿ ಕೇಳಿ ಬರುವುದಲ್ಲ. ಬೇವಿನ ಕೊಂಬೆ ಹೊಯ್ದಾಡಿತು, ರಂಗೋಲಿಯ ಹಿಟ್ಟು ಹಾರಿತು, ಹಬ್ಬಕ್ಕೆಂದು ಎದುರು ಹಾಕಿದ್ದ ಶಾಮಿಯಾನದ ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯಿತು. ಹಣತೆಯ ಕುಡಿ ಅಡ್ಡ ಮಲಗಿ ನೀಲಿಯಾಗಿ, ಬತ್ತಿಯ ತುದಿಗೆ ಅಂಟಿಕೊಂಡು, ಒಂದು ಚುಕ್ಕೆಯಷ್ಟಾಯಿತು.

ಶರ್ವರಿಯ ಎರಡೂ ಕೈ ಅದರ ಸುತ್ತ ಹೋದವು.

ಯೋಚಿಸಿ ಮಾಡಿದ್ದಲ್ಲ. ತುಳಸಿಯ ಮುಂದೆ ದಿನಾ ಸಂಜೆ ದೀಪ ಹಚ್ಚಿ, ಗಾಳಿಗೆ ಅಡ್ಡ ಹಿಡಿದು ಅಂಗಳ ದಾಟುವ ಕೈಗಳು ಅವು. ಕಣ್ಣೆದುರು ದೀಪ ಹೊಯ್ದಾಡಿದಾಗ ಸುಮ್ಮನಿರುವುದು ಅವಕ್ಕೆ ಗೊತ್ತಿರಲಿಲ್ಲ. ಕುಡಿ ನೆಟ್ಟಗಾಗಿ ಅಂಗೈ ಬೆಚ್ಚಗಾದ ಮೇಲೇ ತಾನೇನು ಮಾಡಿದೆ ಎಂದು ಅವಳಿಗೆ ತಿಳಿದದ್ದು. ಕೈ ಹಿಂದಕ್ಕೆ ತೆಗೆದಳು. ಗಾಳಿ ಇನ್ನೂ ಇತ್ತು. ಕುಡಿ ಮತ್ತೆ ಮಲಗಿತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತರೆ ಸಾಕಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ, ಒಪ್ಪಂದವೇ ಹಾಗಿತ್ತು.

ಮತ್ತೆ ಕೈ ಇಟ್ಟಳು.

ಗಾಳಿ ಇಳಿಯುವವರೆಗೆ ಹಾಗೇ ನಿಂತಿದ್ದಳು. ವನಜಾ ನೋಡುತ್ತಿದ್ದಳು. ಸುಂದರಾಬಾಯಿ ಬಂದು ಬುಟ್ಟಿಯಿಂದ ಒಂದು ದಾಸವಾಳ ತೆಗೆದು ಹಣತೆಯ ಪಕ್ಕ ಇಟ್ಟರು. ಕೆಂಪು ತಲೆಯ ಮೇಲೆ ಕೆಂಪು ಹೂ ಕಾಣಲೇ ಇಲ್ಲ.

"ನಡೀರಿ," ಎಂದಳು ಶರ್ವರಿ ಡ್ರೈವರಿಗೆ. "ಆರೇ ಅವ."

ಮಾದಾಪುರದಲ್ಲಿ ಲಿಫ್ಟು ಇನ್ನೂ ತೆರೆದಿತ್ತು. ಆರು ಅಣಬೆಗಳನ್ನು ಹಸಿರು ಹಾಸಿನ ಮೇಲೆ ದುಂಡಗೆ ಇಟ್ಟರು. ನಡುವಿನ ಖಾಲಿ ಜಾಗವನ್ನು ವಿಶ್ವಜಿತ್ ಕಾಲಲ್ಲಿ ಅಳೆದು, ಏನಾಯಿತು ಎಂದು ಕೇಳಿದ. ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಹೊರಟಿದ್ದೇವೆ ಎಂದದ್ದು ಸುಳ್ಳೆಂಬುದನ್ನೂ ಹೇಳಿದಳು. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹೆಬ್ಬೆಟ್ಟಿನ ಗುರುತಿದ್ದ ಅಣಬೆಯ ಮೇಲೆ ಒಮ್ಮೆ ಕೂತು ನೋಡಿ, ಗಟ್ಟಿಯಿದೆ ಎಂದ. ಕುಂಕುಮ ಒರೆಸಬೇಕೇ ಎಂದು ಕೇಳಿದ. ಮಕ್ಕಳು ಕೂತರೆ ಅದೇ ಹೋಗುತ್ತದೆ ಎಂದಳು.

ಸೋಮವಾರ ಡೇಕೇರ್ ಶುರುವಾಯಿತು. ನಡುವೆ ಒಂದು ಪ್ಲಾಸ್ಟಿಕ್ ಟೇಬಲ್ಲು ಇಟ್ಟಿದ್ದರು. ಬುಧವಾರ ವಿಶ್ವಜಿತನ ಸಂದೇಶ ಬಂತು. ಉಳಿದೆರಡು ಶಾಖೆಗಳಿಗೆ ಫೈಬರಿನ ಸಾಮಾನು ತರಿಸಲು ಮೇಲಿನವರು ನಿರ್ಧರಿಸಿದ್ದರು. ಈ ಶಾಖೆಯ ಟೇಬಲ್ಲನ್ನು ಮಾತ್ರ ಅವಳೇ ಮಾಡಿಕೊಡಬೇಕು, ಮಕ್ಕಳು ಕೇಳುತ್ತಿದ್ದಾರೆ ಎಂದು ಬರೆದಿದ್ದ.

ಬೇವಿನ ಬುಡದ ದೊಡ್ಡದಕ್ಕೆ ಮುಂದಿನ ಭಾನುವಾರದೊಳಗೆ ಗಲ್ಲಿಯವರು ಕಟ್ಟೆ ಕಟ್ಟಿಸಿದರು. ಬಿಳಿ ಚುಕ್ಕೆಗಳನ್ನು ಹಾಗೇ ಬಿಟ್ಟರು. ಹೊಸ ಟೇಬಲ್ಲನ್ನು ಶರ್ವರಿ ಮಾಳಿಗೆಯ ಮೇಲೆ ಕಟ್ಟಿದಳು. ಸುಂದರಾಬಾಯಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದು, ಅದು ಟ್ರಾಲಿ ಏರಿ ಹಗ್ಗ ಬಿಗಿದ ಮೇಲೆ.