ನಿಧಾನವಾಗಿ ಬನ್ನಿ

ನಗುನಗುತ್ತಾ ಫೋನ್ ಮಾಡಬೇಕು, ನಗು ದನಿಯಲ್ಲಿ ಕೇಳಿಸುತ್ತದೆ ಎಂದು ನಮ್ಮ ಮ್ಯಾನೇಜರ್ ಹೇಳಿಕೊಟ್ಟಿದ್ದ. ಕಾರಿನ ಸರ್ವಿಸ್ ಸೆಂಟರಿನಲ್ಲಿ ನನ್ನದು ಅದೇ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೆಳಗಿನಿಂದ ಸಂಜೆತನಕ ಕಾರಿನವರಿಗೆಲ್ಲ ಹಲ್ಲು ಕಿರಿಯುವುದು. ಮಾತೆಲ್ಲ ಬೆಣ್ಣೆಯಾದ್ದರಿಂದ ಬೆನ್ನ ಹಿಂದೆ ಆ ಮ್ಯಾನೇಜರನ್ನು 'ಬೆಣ್ಣೆ' ಎನ್ನುತ್ತಿದ್ದೆವು.

ಆ ಸಲ ಕಂಪನಿ ಕಳಿಸಿದ ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ಕಾರುಗಳಿದ್ದವು. ಎಲ್ಲವನ್ನೂ ವಾಪಸ್ ಕರೆಸಿ ಆಕ್ಸಿಲರೇಟರ್ ಪೆಡಲ್ ಬದಲಾಯಿಸಬೇಕಿತ್ತು. ಯಾಕೆಂದು ಹಿರಿಯ ಮೆಕ್ಯಾನಿಕ್ಕನ್ನು ಕೇಳಿದೆ. ಆತ ಬಿಚ್ಚಿಟ್ಟಿದ್ದ ಒಂದು ಪೆಡಲನ್ನು ಬೆರಳಿನಿಂದ ಒತ್ತಿ ಬಿಟ್ಟ. ಅದು ಒತ್ತಿದಲ್ಲೇ ನಿಂತಿತು, ಮೇಲೆ ಬರಲೇ ಇಲ್ಲ.

"ಕಾಲು ತೆಗೆದ್ರೂ ಗಾಡಿ ಓಡ್ತಾನೇ ಇರುತ್ತೆ. ಓಡಿಸೋಳು ನನ್ನ ಮಗಳಾಗಿದ್ರೆ ಕೀ ಕಿತ್ಕೊಂಡ್ಬಿಡ್ತಿದ್ದೆ," ಎಂದ.

ಫೋನಿನಲ್ಲಿ ಓದಿ ಹೇಳಲು ಬೆಣ್ಣೆ ಕೊಟ್ಟ ಚೀಟಿಯಲ್ಲಿ ಮಾತ್ರ 'ದೋಷ' ಎಂಬ ಪದವೇ ಇರಲಿಲ್ಲ. 'ಅಪಾಯ'ವಂತೂ ದೂರದ ಮಾತು. 'ನಿಮ್ಮ ಕಾರಿಗೆ ಒಂದು ಉಚಿತ ಸುಧಾರಣೆ ಇದೆ, ಬಿಡುವಾದಾಗ ಬನ್ನಿ.' ಅಷ್ಟೇ. ಜನ ಗಾಬರಿಬಿದ್ದರೆ ಹೊಸ ಕಾರು ಯಾರು ಕೊಳ್ಳುತ್ತಾರೆ ಎಂಬುದು ಅವನ ಚಿಂತೆ.

ಪಟ್ಟಿಯಲ್ಲಿದ್ದ ಟೈಲರ್ ಮೇಡಂಗೆ ಫೋನ್ ಮಾಡಿದ್ದು ನಾನೇ. ಆ ಕಡೆ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು.

"ಆರ್ಡರ್ ತಲೆ ಮೇಲೆ ಬಿದ್ದಿದೆಯಮ್ಮ. ಅರ್ಜೆಂಟಾ?"

ಆ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಇರಲಿಲ್ಲ. ಮೆಕ್ಯಾನಿಕ್ಕನ ಬೆರಳು ಕಣ್ಣ ಮುಂದೆ ಬಂತು. ಆದರೂ ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಮಾತೇ ಬಾಯಿಂದ ಜಾರಿತು.

"ಅಯ್ಯೋ, ಅರ್ಜೆಂಟೇನಿಲ್ಲ ಮೇಡಂ. ನಿಧಾನವಾಗಿ ಬನ್ನಿ."

ಹದಿನೇಳನೇ ದಿನ ಆಕೆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ತಿರುವಿನಲ್ಲಿ ಕಾರು ನಿಲ್ಲದೆ ಗೋಡೆಗೆ ನುಗ್ಗಿತು. ಆಕೆಯ ಕೈ ಮುರಿಯಿತು. ತಾಯಿಯ ಸೊಂಟ ಮುರಿಯಿತು. ಇನ್ನು ಎದ್ದು ಓಡಾಡುವುದು ಕಷ್ಟ ಎಂದು ಆಸ್ಪತ್ರೆಯವರು ಹೇಳಿದರಂತೆ.

ಮರುದಿನ ಬೆಣ್ಣೆ ನನ್ನನ್ನು ಕರೆಸಿ ಆ ಫೋನಿನ ರೆಕಾರ್ಡಿಂಗ್ ಹಾಕಿದ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ನೋಡಿದರೆ ಅವನ ಮುಖ ಅರಳಿತು.

"ಭಲೇ! 'ನಿಧಾನವಾಗಿ ಬನ್ನಿ' ಅಂದಿದ್ದೀಯಲ್ಲ! ಅಂದ್ರೆ ಏನು? ಸ್ಪೀಡಾಗಿ ಓಡಿಸ್ಬೇಡಿ ಅಂತ. ನಾವು ಎಚ್ಚರಿಕೆ ಕೊಟ್ವಿ, ಅವರು ಕೇಳ್ಲಿಲ್ಲ."

"ಸಾರ್, ಎಲ್ರೂ ಹೇಳೋ ಹಾಗೆ ಹೇಳಿದ್ದು ಅದು. ಅದಕ್ಕೆ ಮುಂಚೆ ಅರ್ಜೆಂಟಿಲ್ಲ ಅಂತಾನೂ ಅಂದಿದ್ದೀನಿ."

"ಅಷ್ಟನ್ನ ಕತ್ತರಿಸಿದ್ರಾಯ್ತು," ಎಂದು ಟೈಪ್ ಮಾಡಿದ ಹಾಳೆಯೊಂದನ್ನು ನನ್ನತ್ತ ತಳ್ಳಿದ. ವೇಗ ಬೇಡವೆಂದು ಮೊದಲೇ ಎಚ್ಚರಿಸಿದ್ದೆ ಎಂದು ನಾನು ಸಹಿ ಹಾಕಬೇಕಂತೆ. ಹೇಳುತ್ತಲೇ ಡ್ರಾಯರಿನಿಂದ ಬಿಸ್ಕತ್ತು ತೆಗೆದು ಚಹಾದಲ್ಲಿ ಅದ್ದಿ ತಿಂದ. ಚಹಾ ಅವನ ಗಲ್ಲಕ್ಕೆ ಇಳಿಯಿತು.

ಹಾಳೆ ಹಿಡಿದು ಗೂಡಿಗೆ ಬಂದರೆ ಟೈಲರ್ ಮೇಡಂ ಗಂಡ ಕಾಯುತ್ತಿದ್ದರು. ಹಿಂದಿನ ಶೆಡ್ಡಿಗೆ ಎಳೆತಂದಿದ್ದ ಕಾರಿನಿಂದ ಅತ್ತೆಯ ಕನ್ನಡಕ ಹುಡುಕಿಕೊಂಡು ಹೋಗಲು ಬಂದಿದ್ದರು.

"ಫೋನ್ ಮಾಡಿದ್ದು ನೀವೇನಾ? ಎಷ್ಟು ಚೆನ್ನಾಗಿ ಮಾತಾಡ್ತಾಳೆ ಆ ಹುಡುಗಿ ಅಂತಿದ್ಲು. ಈಗ ಒಂದು ತುತ್ತೂ ತಿಂತಿಲ್ಲ. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರನ್ನೇ ತುಳಿದೆ, ಅಮ್ಮನ್ನ ನಾನೇ ಹೀಗ್ಮಾಡ್ದೆ ಅಂತ ತಲೆ ಚಚ್ಕೊಳ್ತಾಳೆ. ನಾನೂ ಹೌದೇನೋ ಅಂದ್ಕೊಂಡು ಬೈದ್ಬಿಟ್ಟೆ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಉಳಿದದ್ದೆಲ್ಲ ಬೆಣ್ಣೆಯ ಚೀಟಿಯದು. 'ಅರ್ಜೆಂಟೇನಿಲ್ಲ' ಎಂಬ ಆ ಒಂದು ಮಾತನ್ನು ಮಾತ್ರ ನನಗೆ ಯಾರೂ ಬರೆದುಕೊಟ್ಟಿರಲಿಲ್ಲ.

"ಅವರ ತಪ್ಪಲ್ಲ ಅಣ್ಣಾ. ಆ ಪೆಡಲ್ ಒತ್ತಿದ್ರೆ ಮೇಲೆ ಬರಲ್ಲ. ಫೋನ್ ಮಾಡೋವಾಗ್ಲೇ ನಂಗೆ ಗೊತ್ತಿತ್ತು."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೆಣ್ಣೆಯ ಹಾಳೆಯನ್ನು ತಿರುಗಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದು, ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು.

"ಇದು ನನಗಾಯ್ತು. ಅವಳಿಗೆ ನೀವೇ ಬಂದು ಹೇಳಿ," ಎಂದರು.

ಆಸ್ಪತ್ರೆಯಲ್ಲಿ ಟೈಲರ್ ಮೇಡಂ ಗೋಡೆಯ ಕಡೆ ತಿರುಗಿ ಮಲಗಿದ್ದರು. ಬಾಗಿಲಲ್ಲೇ ನಿಂತು "ಮೇಡಂ" ಎಂದೆ. ದನಿ ಗುರುತು ಸಿಕ್ಕಿ, ಕಷ್ಟಪಟ್ಟು ಹೊರಳಿ ನಕ್ಕರು.

"ನೀನು ಕರೆದ್ರೂ ಬರೋಕಾಗ್ಲಿಲ್ಲಮ್ಮ," ಎಂದರು. "ಬೇಜಾರು ಮಾಡ್ಕೋಬೇಡ."